ಗೋಡೆಯ ಮೇಲೊಂದು ಮೇಣದ ಬತ್ತಿ

ಪತ್ರ: ನಮ್ಮೂರಲ್ಲಿ ಎರಡು ದಿನದ ಮಗುವೊಂದು ಜ್ಞಾನಸ್ನಾನ (ಬ್ಯಾಪ್ಟಿಸಂ) ಆಗದೆ ತೀರಿಕೊಂಡಿತು. ಆದರೂ ಫಾದರ್ ಸಿಮೆಟ್ರಿಗೆ ಬಂದು, ಪ್ರಾರ್ಥನೆ ಮಾಡಿ ಮಣ್ಣು ಮಾಡಿಸಿದರು. ನಿಯಮ ಹೀಗೆ ಸಡಿಲವಾದರೆ ಜ್ಞಾನಸ್ನಾನಕ್ಕೆ ಬೆಲೆ ಎಲ್ಲಿ ಉಳಿಯುತ್ತದೆ? – ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮೂವತ್ತು ವರ್ಷ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟಿದ್ದೇನೆ ಅಂತ ಬರೆದಿದ್ದೀರಿ. ದೊಡ್ಡ ಕೆಲಸ ಅದು. ಜ್ಞಾನಸ್ನಾನವನ್ನು ಸುಮ್ನೆ ಮುಂದೂಡಬಾರದು ಅನ್ನುವುದೂ ಸರಿ. ಉಳಿದದ್ದನ್ನು ಒಪ್ಪಲಾರೆ. ಆ ಫಾದರ್ ಮಾಡಿದ್ದನ್ನು ಓದಿ ನನ್ನ ಕಣ್ಣು ತುಂಬಿಬಂತು.

ನಾನು ಆರೇಳು ವರ್ಷದವನಿದ್ದಾಗ, ಕರಾವಳಿಯ ನಮ್ಮೂರಲ್ಲಿ, ಚಿಕ್ಕಮ್ಮನ ಮಗು ಹುಟ್ಟಿದ ರಾತ್ರಿಯೇ ಹೋಯಿತು. ಸಿಮೆಟ್ರಿಯೊಳಗೆ ಜಾಗ ಸಿಗಲಿಲ್ಲ. ಚಿಕ್ಕಪ್ಪ ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಹೋಗಿ, ಗೋಡೆಯ ಆಚೆ ಗೇರು ಮರದ ಬುಡದಲ್ಲಿ ಮಣ್ಣು ಮಾಡಿ ಬಂದರು. ತೀರಿಕೊಂಡವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ಪ್ರತಿ ವರ್ಷ ಎಲ್ಲರೂ ಸಮಾಧಿಗಳಿಗೆ ಹೂವಿಟ್ಟು ಬತ್ತಿ ಹಚ್ಚುತ್ತಿದ್ದರು. ಚಿಕ್ಕಮ್ಮ ಅತ್ತೆ ಮಾವನಿಗೆ ಹಚ್ಚಿ, ಉಳಿಸಿಕೊಂಡ ಒಂದು ಬತ್ತಿಯನ್ನು ಆ ಗೋಡೆಯ ಮೇಲೆ ನಿಲ್ಲಿಸುತ್ತಿದ್ದರು. ಗಾಳಿಗೆ ಆರುತ್ತಿತ್ತು. ಮತ್ತೆ ಹಚ್ಚುತ್ತಿದ್ದರು. ಕೆಂಪು ಮುರಕಲ್ಲಿನ ತೂತುಗಳಲ್ಲಿ ವರ್ಷವರ್ಷದ ಮೇಣ ಗಟ್ಟಿಯಾಗಿ ಕೂತಿತ್ತು. ನಾನು ಉಗುರಲ್ಲಿ ಕೆರೆದು ನೋಡಿದ್ದೇನೆ.

ಆಗ ನಡೆಯುತ್ತಿದ್ದದ್ದು ಕ್ಯಾಥೊಲಿಕ್ ಧರ್ಮಸಭೆಯ 1917ರ ಕಾನೂನು. ಜ್ಞಾನಸ್ನಾನ ಆಗದೆ ತೀರಿಕೊಂಡವರನ್ನು ಧರ್ಮಸಭೆಯ ವಿಧಿಯಲ್ಲಿ ಮಣ್ಣು ಮಾಡುವಂತಿರಲಿಲ್ಲ. ಐರ್ಲೆಂಡಿನಲ್ಲಿ ಇಂಥ ಮಕ್ಕಳ ಜಾಗಗಳಿಗೆ 'ಕಿಲ್ಲೀನ್' ಅಂತ ಹೆಸರೇ ಇದೆ. ಪಾಳು ಚರ್ಚಿನ ಹಿಂದೆ, ಊರ ಗಡಿಯಲ್ಲಿ, ಕಡಲ ದಂಡೆಯಲ್ಲಿ. ಕತ್ತಲಾದ ಮೇಲೆ ಅಪ್ಪಂದಿರು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಈ ಮಕ್ಕಳಿಗೆ ಸ್ವರ್ಗವಿಲ್ಲ, 'ಲಿಂಬೋ' ಅಂತ ಬೇರೆ ಜಾಗ ಅಂತ ನಮಗೂ ಹೇಳಿಕೊಟ್ಟಿದ್ದರಲ್ವಾ? ಅದು ಯಾವತ್ತೂ ವಿಶ್ವಾಸದ ಕಟ್ಟಳೆ ಆಗಿರಲೇ ಇಲ್ಲ. ಪೋಪ್ ಹದಿನಾರನೇ ಬೆನೆಡಿಕ್ಟರ ಒಪ್ಪಿಗೆ ಪಡೆದು 2007ರಲ್ಲಿ ಹೊರಬಂದ ವ್ಯಾಟಿಕನ್ ಪಂಡಿತರ ವರದಿ, ಈ ಮಕ್ಕಳನ್ನು ದೇವರು ಉಳಿಸುತ್ತಾನೆ ಅಂತ ಭರವಸೆ ಇಡಲು ಗಂಭೀರವಾದ ಕಾರಣಗಳಿವೆ ಎಂದಿತು.

ನಿಮಗೆ ನಿಯಮವೇ ಬೇಕು ಅಂದರೆ ಅದೂ ಇದೆ. ಜ್ಞಾನಸ್ನಾನ ಮಾಡಿಸಬೇಕು ಅಂತಿದ್ದ ಹೆತ್ತವರ ಮಗು ಮೊದಲೇ ತೀರಿಕೊಂಡರೆ, ಬಿಷಪ್ ಒಪ್ಪಿಗೆಯಿಂದ ಧರ್ಮಸಭೆಯ ವಿಧಿಯಲ್ಲೇ ಮಣ್ಣು ಮಾಡಬಹುದು ಅಂತ 1983ರ ಕಾನೂನು ಹೇಳುತ್ತದೆ. ಜೀವ ಹೋಗುವಂತಿದ್ದರೆ ಕ್ರೈಸ್ತಳಲ್ಲದ ನರ್ಸ್ ಕೂಡ ಜ್ಞಾನಸ್ನಾನ ಕೊಡಬಹುದು. ಆದರೆ ನನ್ನ ಚಿಕ್ಕಮ್ಮ 1983ರ ತನಕ ಕಾಯಬೇಕಿತ್ತಾ? 'ಯಜ್ಞ ಬೇಡ, ಕರುಣೆ ಬೇಕು' ಅನ್ನುವ ಪ್ರವಾದಿ ಹೋಶೇಯನ ಮಾತನ್ನು ಯೇಸು ಮತ್ತಾಯನ ಸುವಾರ್ತೆಯಲ್ಲಿ ಎರಡು ಸಲ ನೆನಪಿಸುತ್ತಾರೆ. ಎರಡು ಸಲವೂ ಎದುರಿಗಿದ್ದವರು ನಿಯಮ ಚೆನ್ನಾಗಿ ಬಲ್ಲ ಫರಿಸಾಯರು.

ನಮ್ಮ ರೋಗ ಸಿಮೆಟ್ರಿಗೆ ಮುಗಿಯುವುದಿಲ್ಲ. ಮನೆಯಲ್ಲಿ ಹೆಣ ಇರುವಾಗ ವರ್ಷದ ಚಂದಾ ಬಾಕಿಯ ಲೆಕ್ಕ ತೆಗೆದವರನ್ನು ನೋಡಿದ್ದೇನೆ. ಗಂಡ ಬಿಟ್ಟುಹೋದ ಹೆಂಗಸನ್ನು ಗಾಯನ ಮಂಡಳಿಯಿಂದ ದೂರ ಇಟ್ಟದ್ದನ್ನೂ ನೋಡಿದ್ದೇನೆ. ಹೊರಗೆ ಹಾಕಲು ನಮಗೆ ಎಷ್ಟು ಬೇಗ ನಿಯಮ ಸಿಗುತ್ತದೆ!

ಸರ್, ಆ ಮಗುವಿನ ತಾಯಿ ನಿಮ್ಮ ಹತ್ತಿರವೇ ಧರ್ಮೋಪದೇಶ ಕಲಿತ ಹುಡುಗಿ ಇರಬಹುದು. ಬರುವ ನವೆಂಬರ್ 2ಕ್ಕೆ ಅವಳು ಸಿಮೆಟ್ರಿಗೆ ಬಂದೇ ಬರುತ್ತಾಳೆ. ಪಕ್ಕದಲ್ಲಿ ನಿಂತು, ಮಗುವಿಗೆ ಏನು ಹೆಸರು ಇಡಬೇಕು ಅಂತಿದ್ದೆ ಅಂತ ಒಮ್ಮೆ ಕೇಳಿ.