ಹರ್-2 ರಿಪೋರ್ಟ್ 2+ ಬಂದಿದೆ, ಫಿಶ್ ಟೆಸ್ಟ್ ಮಾಡಿಸಲೇಬೇಕಾ?

ಅಮ್ಮನ ಸ್ತನದ ಗಡ್ಡೆಯ ಬಯಾಪ್ಸಿಯಲ್ಲಿ ‘ಹರ್-2: 2+’ ಅಂತ ಬಂದಿದೆ, ಫಿಶ್ ಟೆಸ್ಟ್ (ಕೋಶದೊಳಗಿನ ಜೀನ್ ಎಣಿಸುವ ಪರೀಕ್ಷೆ) ಬೇಕೇ ಬೇಕಾ, ಕ್ರೋಮೋಸೋಮ್ ದೋಷ ಅಂದರೆ ನನಗೂ ಬರುತ್ತಾ ಅಂತ ಕೇಳಿದ್ದೀರಿ. ಮಾಡಿಸಿ, ದಯವಿಟ್ಟು ಬಿಡಬೇಡಿ. ನಾನು ಪ್ಯಾಥಾಲಜಿ ಲ್ಯಾಬ್‌ನಲ್ಲಿ ಇದೇ ಟೆಸ್ಟ್ ನೋಡುವವಳು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

2+ ಅಂದರೆ ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ. ಹರ್-2 ಅಂದರೆ ಕೋಶ ಬೆಳೆಯುವಂತೆ ಮಾಡುವ ಒಂದು ಪ್ರೋಟೀನ್. ಅದು ಇದೆ, ಆದರೆ ಎಷ್ಟು ಅಂತ ಬಯಾಪ್ಸಿ ತುಣುಕಿಗೆ ಹಾಕಿದ ಬಣ್ಣ ನೋಡಿ ಹೇಳಲಾಗಿಲ್ಲ. ಕ್ರೋಮೋಸೋಮ್ ಅಂದರೆ ಕೋಶದೊಳಗೆ ಜೀನ್‌ಗಳನ್ನು ಹೊತ್ತ ಎಳೆ; ಆ ಪ್ರೋಟೀನಿನ ಜೀನ್ ಇರುವುದು 17ನೇ ಕ್ರೋಮೋಸೋಮ್‌ನಲ್ಲಿ. ಫಿಶ್‌ನಲ್ಲಿ ನಾವು ಆ ಜೀನನ್ನೇ ಎಣಿಸುತ್ತೇವೆ. ಕತ್ತಲೆ ಕೋಣೆ, ಮೈಕ್ರೋಸ್ಕೋಪಿನಲ್ಲಿ ನೀಲಿ ನ್ಯೂಕ್ಲಿಯಸ್‌ಗಳು. ಅವುಗಳೊಳಗೆ ಕೆಂಪು ಚುಕ್ಕಿ ಹರ್-2 ಜೀನ್, ಹಸಿರು ಚುಕ್ಕಿ 17ನೇ ಕ್ರೋಮೋಸೋಮ್‌ನ ಗುರುತು. ಸರಿಯಿರುವ ಕೋಶದಲ್ಲಿ ಎರಡು ಕೆಂಪು, ಎರಡು ಹಸಿರು. ಕೆಲವರಲ್ಲಿ ಹಸಿರು ಎರಡೇ ಇರುತ್ತೆ, ಕೆಂಪು ಮಾತ್ರ ದಾಳಿಂಬೆ ಕಾಳು ಚೆಲ್ಲಿದ ಹಾಗೆ. ಕೆಂಪು ಹಸಿರಿನ ಎರಡರಷ್ಟಾದರೂ ಇದ್ದು, ಕೋಶಕ್ಕೆ ಸರಾಸರಿ 4 ಕೆಂಪು ಚುಕ್ಕಿ ಅಥವಾ ಜಾಸ್ತಿ ಇದ್ದರೆ ಪಾಸಿಟಿವ್. ಎರಡೂ ಬಣ್ಣ ಒಟ್ಟಿಗೇ ಜಾಸ್ತಿಯಾದ ಕೇಸುಗಳೂ ಬರುತ್ತವೆ. ಆಗ ಇನ್ನೊಬ್ಬರನ್ನು ಕೂರಿಸಿ ಮತ್ತೆ ಎಣಿಸುತ್ತೇವೆ, ರಿಪೋರ್ಟ್ ತಡವಾದರೆ ಗಾಬರಿಯಾಗಬೇಡಿ.

ಪಾಸಿಟಿವ್ ಬಂದರೆ ಹರ್-2 ಪ್ರೋಟೀನನ್ನೇ ಗುರಿಯಿಟ್ಟು ತಡೆಯುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಕೊಡಬಹುದು. ಅಮೆರಿಕದಲ್ಲಿ 1998ರಲ್ಲಿ ಅದಕ್ಕೆ ಒಪ್ಪಿಗೆ ಸಿಗುವ ಮೊದಲು ಹರ್-2 ಪಾಸಿಟಿವ್ ಅಂದರೆ ಎಲ್ಲರೂ ಹೆದರುವ ಮಾತಾಗಿತ್ತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಕೂಡ 2014ರಲ್ಲಿ ಅದೇ ಬಗೆಯ ಔಷಧವನ್ನು ಮಾರುಕಟ್ಟೆಗೆ ತಂದಿತು. ಚುಕ್ಕಿ ಎಣಿಸದೆ ಸುಮ್ನೆ ನೆಗೆಟಿವ್ ಅಂದುಕೊಂಡರೆ ಈ ಔಷಧವೇ ಕೈತಪ್ಪಿ ಹೋಗಬಹುದು, ಅಲ್ವಾ?

ಎಲ್ಲ ಸ್ತನ ಕ್ಯಾನ್ಸರಿನಲ್ಲೂ ಹರ್-2 ಜೀನ್ ಹೆಚ್ಚಾಗುವ ಇದೇ ದೋಷ ಇರುವುದಿಲ್ಲ. ನಿಧಾನವಾಗಿ ಬೆಳೆಯುವ, ಹಾರ್ಮೋನ್ ಪಾಸಿಟಿವ್ (ಹಾರ್ಮೋನಿನಿಂದ ಬೆಳೆಯುವ) ಬಗೆಯಲ್ಲಿ ಹೆಚ್ಚಾಗಿ 1ನೇ ಕ್ರೋಮೋಸೋಮ್‌ನ ಉದ್ದದ ತೋಳು ಹೆಚ್ಚುವರಿಯಾಗಿರುತ್ತೆ, 16ನೆಯದರದು ಕಳೆದುಹೋಗಿರುತ್ತೆ. ಎರಡು ಹಾರ್ಮೋನ್ ಟೆಸ್ಟ್, ಹರ್-2 ಮೂರೂ ನೆಗೆಟಿವ್ ಇರುವ ಟ್ರಿಪಲ್ ನೆಗೆಟಿವ್‌ನಲ್ಲಂತೂ ಕ್ರೋಮೋಸೋಮ್‌ಗಳು ಅಲ್ಲಲ್ಲಿ ಮುರಿದು ಅಡ್ಡಾದಿಡ್ಡಿ ಸೇರಿಕೊಂಡಿರುತ್ತವೆ.

ಇನ್ನು ನಿಮಗೂ ಬರುತ್ತಾ ಅನ್ನುವ ಪ್ರಶ್ನೆ. ಹರ್-2 ಹೆಚ್ಚಳ ಆಗುವುದು ಗಡ್ಡೆಯ ಕೋಶಗಳಲ್ಲಿ, ಅದು ಮಕ್ಕಳಿಗೆ ಇಳಿದು ಬರುವುದಿಲ್ಲ. ಮನೆತನದಲ್ಲಿ ಬರಬಹುದಾದದ್ದು ಬಿಆರ್‌ಸಿಎ ಅನ್ನುವ ಜೀನ್‌ಗಳ ದೋಷ, ಅದೇ ಬೇರೆ. ಬಿಆರ್‌ಸಿಎ-1 ಜೀನ್ ಕೂಡ 17ರಲ್ಲೇ ಇರುವುದರಿಂದ ತುಂಬ ಜನಕ್ಕೆ ಗೊಂದಲ. ಅಮ್ಮನಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಅಥವಾ ಹತ್ತಿರದವರಿಗೆ ಸ್ತನ, ಅಂಡಾಶಯದ ಕ್ಯಾನ್ಸರ್ ಇದ್ದರೆ ಡಾಕ್ಟರ ಹತ್ತಿರ ಅದನ್ನು ಬಿಡಿಸಿ ಹೇಳಿ.

ಫಿಶ್‌ಗೆ ಸಾಮಾನ್ಯವಾಗಿ ಅಮ್ಮನಿಗೆ ಮತ್ತೆ ಸೂಜಿ ಚುಚ್ಚಬೇಕಾಗಿಲ್ಲ. ಬಯಾಪ್ಸಿಯ ತುಣುಕನ್ನು ಮೇಣದ ಬ್ಲಾಕ್ ಮಾಡಿ ಲ್ಯಾಬ್‌ನಲ್ಲಿ ಇಟ್ಟಿರುತ್ತಾರೆ. ನಾಳೆಯೇ ಹೋಗಿ ಆ ಬ್ಲಾಕ್ ಕೇಳಿ.