ಕಾಲು ಕುಣಿಸಿದ್ದಕ್ಕೂ ಶಿಕ್ಷೆಯೇ?

ಪತ್ರ: "ಕಳೆದ ಸಂಚಿಕೆಯಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ, ತಡೆದುಕೊಳ್ಳಲಾಗದ ತೊಂದರೆ) ಬಗ್ಗೆ ಓದಿದೆ. ಮನಸ್ಸು ಒಂದು ಕಡೆ ನಿಲ್ಲೋದಿಲ್ಲ ಅಂತ ಕಳ್ಳನಿಗೂ ರಿಯಾಯಿತಿ ಕೊಟ್ಟರೆ ಪ್ರಾಮಾಣಿಕರ ಗತಿ ಏನು? ನಮ್ಮ ಕಾಲದಲ್ಲಿ ಇದಕ್ಕೆಲ್ಲ ಛಡಿಯೇ ಔಷಧವಾಗಿತ್ತು."
– ನಿವೃತ್ತ ಶಿಕ್ಷಕರು, ಜಮಖಂಡಿ

ಉತ್ತರ: ಮಾಸ್ತರರೇ, ಇಷ್ಟು ಮನಸ್ಸಿಟ್ಟು ಓದಿ, ಮುಚ್ಚುಮರೆ ಇಲ್ಲದೆ ಬರೆಯುವವರು ಅಪರೂಪ. ನಾನೂ ಹಾಗೇ ಬರೆಯುತ್ತೇನೆ. ತಪ್ಪು ಮಾಡಿದವನು ಶಿಕ್ಷೆ ಅನುಭವಿಸಲಿ, ಸರಿ. ಕಳ್ಳನ ಕೈಗೆ ಸರ ಕಳೆದುಕೊಂಡ ಹೆಣ್ಣುಮಗಳ ನೋವು ಸಣ್ಣದಲ್ಲ. ಆದರೆ ಛಡಿಯ ಮಾತು ಒಪ್ಪಲಾರೆ.

2015ರಲ್ಲಿ ಸಂಶೋಧಕರು ಬೇರೆ ಬೇರೆ ದೇಶಗಳ 42 ಅಧ್ಯಯನಗಳನ್ನು ಸೇರಿಸಿ ನೋಡಿದರು. ಜೈಲಿನಲ್ಲಿದ್ದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಎಡಿಎಚ್‌ಡಿ ಇತ್ತು. ಹಾಗಂತ ಈ ತೊಂದರೆ ಇದ್ದವರೆಲ್ಲ ಕಳ್ಳರಲ್ಲ. ಬಹಳಷ್ಟು ಜನ ಠಾಣೆಯ ಮೆಟ್ಟಿಲೇ ಹತ್ತುವುದಿಲ್ಲ. ಹತ್ತಿದವನ ಪಾಡು ಕೇಳಿ.

ಬೆಳಗಾವಿಯ ಕೋರ್ಟಿನಲ್ಲಿ ಒಬ್ಬ ಹುಡುಗನನ್ನು ನೋಡಿದ್ದೆ. ಬೈಕ್ ಕಳವಿನ ಕೇಸು. ಕಟಕಟೆಯಲ್ಲಿ ಒಂದೇ ಸಮ ಕಾಲು ಕುಣಿಸುತ್ತಿದ್ದ. ಅಂಗಿಯ ಗುಂಡಿ ತಿರುವಿ ತಿರುವಿ ಕಿತ್ತು ಕೈಗೇ ಬಂತು. ಪ್ರಶ್ನೆ ಮುಗಿಯುವ ಮೊದಲೇ "ಹೂಂ ರೀ" ಅನ್ನುತ್ತಿದ್ದ. ಪಕ್ಕದವರು "ಎಷ್ಟ್ ಸೊಕ್ಕು ನೋಡ್ರಿ" ಅಂದರು. ಅವನ ತಾಯಿ ಮಾತ್ರ ಸಣ್ಣ ದನಿಯಲ್ಲಿ, "ಸಣ್ಣಾವ ಇದ್ದಾಗಿಂದ್ಲೂ ಹಿಂಗ ರೀ" ಅಂದಳು. ಅವನಿಗೆ ಎಡಿಎಚ್‌ಡಿ ಇತ್ತೋ ಇಲ್ಲವೋ, ನಾನು ಡಾಕ್ಟರ್ ಅಲ್ಲ. ಆದರೆ ಇಂಥವರನ್ನು ಪರೀಕ್ಷೆ ಮಾಡುವ ಡಾಕ್ಟರು 12 ವರ್ಷದೊಳಗೇ ಲಕ್ಷಣ ಇದ್ದವೇ ಅಂತ ತಾಯಿಯನ್ನೇ ಕೇಳುತ್ತಾರೆ. ಅಲ್ಲಿ ಆ ತಾಯಿಯನ್ನು ಯಾರೂ ಕೇಳಲಿಲ್ಲ.

ಇಂಥವನು ಕೋರ್ಟಿನ ತಾರೀಖು ಮರೆಯುತ್ತಾನೆ. ಮರೆವು ಈ ತೊಂದರೆಯ ಲಕ್ಷಣವೇ. ಬೇಕಂತಲೇ ತಪ್ಪಿಸಿಕೊಂಡ ಅಂತ ವಾರಂಟ್ ಬರುತ್ತದೆ, ಜಾಮೀನು ಹೋಗುತ್ತದೆ. ಹಿಂದಿನ ದಿನ ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಅಲ್ವಾ? ನಾನು ಕೇಳುತ್ತಿರುವುದು ಬಿಡುಗಡೆ ಅಲ್ಲ. ಅಪರಾಧಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಬಿಡುಗಡೆ ಕೊಡುವುದು, ಮಾಡಿದ್ದೇನು ಅಥವಾ ಅದು ತಪ್ಪು ಅಂತ ತಿಳಿಯದಷ್ಟು ಬುದ್ಧಿ ಕೆಟ್ಟವರಿಗೆ. ಇವರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ, ತಡೆದುಕೊಳ್ಳುವುದೇ ಕಷ್ಟ. ಶಿಕ್ಷೆ ಎಷ್ಟು, ಜಾಮೀನಿನ ಷರತ್ತು ಎಂಥದು ಅಂತ ನಿರ್ಧರಿಸುವಾಗ ಅದನ್ನೂ ನೋಡಬೇಕು.

ಸ್ವೀಡನ್‌ನಲ್ಲಿ ಎಡಿಎಚ್‌ಡಿ ಇದ್ದ 25,000ಕ್ಕೂ ಜಾಸ್ತಿ ಜನರ ದಾಖಲೆ ನೋಡಿ 2012ರಲ್ಲಿ ಪ್ರಕಟಿಸಿದರು. ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಗಂಡಸರ ಅಪರಾಧ ಶೇ. 32ರಷ್ಟು, ಹೆಂಗಸರದು ಶೇ. 41ರಷ್ಟು ಕಡಿಮೆ ಇತ್ತು. ಛಡಿಯಿಂದ ಇಂಥ ಫಲ ಬಂದದ್ದನ್ನು ನಿಮ್ಮ ಇಡೀ ಸರ್ವಿಸಿನಲ್ಲಿ ಕಂಡಿರಾ? ಏಟು ತಿಂದ ಹುಡುಗ ಸುಮ್ನೆ ಶಾಲೆ ಬಿಟ್ಟ, ಅಷ್ಟೇ.

ನನಗೆ ಸಿಟ್ಟು ಬರುವುದು ಇಲ್ಲಿ. ಇದ್ದವರ ಮಗನಾದರೆ ಬೆಂಗಳೂರಿನ ಡಾಕ್ಟರ ಚೀಟಿ ಬರುತ್ತದೆ, ದೊಡ್ಡ ವಕೀಲರು ಬರುತ್ತಾರೆ. ಕಬ್ಬು ಕಡಿಯುವವರ ಮಗನಾದರೆ "ಉಡಾಳ" ಅನ್ನುವ ಹೆಸರು ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಪಟ್ಟಿ ಮಾಡಿದೆ. ಆಟಿಸಂ ಇದೆ, ಕಲಿಕಾ ತೊಂದರೆ ಇದೆ, ಎಡಿಎಚ್‌ಡಿ ಹೆಸರೇ ಇಲ್ಲ. ಮನೋರೋಗಕ್ಕೆಂದೇ ಇರುವ ಡಿಮ್ಹಾನ್ಸ್ ಆಸ್ಪತ್ರೆ ಪಕ್ಕದ ಧಾರವಾಡದಲ್ಲೇ ಇದೆ. ಹಿಂಡಲಗಾ ಜೈಲಿಗೋ ವಿಜಯಪುರದ ಜೈಲಿಗೋ ಹೊಸದಾಗಿ ಬಂದವರನ್ನು ಡಿಮ್ಹಾನ್ಸ್‌ನ ಡಾಕ್ಟರು ಒಮ್ಮೆ ನೋಡುವಂತೆ ಮಾಡುವುದು ಅಷ್ಟು ದೊಡ್ಡ ಕೆಲಸವೇ?

ಮಾಸ್ತರರೇ, ನಿಮ್ಮ ಹಿಂದಿನ ಬೆಂಚಿನಲ್ಲಿ ಕುಳಿತು ಅರ್ಧಕ್ಕೇ ಶಾಲೆ ಬಿಟ್ಟ ಹುಡುಗರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ? ಹುಡುಕಿ, ಹೆಸರು ಬಿಟ್ಟು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಡುತ್ತೇನೆ.