ಆಫ್ರಿಕಾದ ಹಬ್ಬಗಳು ನಾಟಕವೇ, ಬರೀ ಆಚರಣೆಯೇ?

ಬರೆದ ಮಾತಿಲ್ಲ, ರಂಗಮಂಚ ಇಲ್ಲ, ಟಿಕೆಟ್ ಇಲ್ಲ. ಹಾಗಿರುವಾಗ ಆಫ್ರಿಕಾದ ಸಾಂಪ್ರದಾಯಿಕ ಹಬ್ಬಗಳನ್ನು ನಾಟಕ ಅನ್ನುವುದು ಸರಿಯೇ ಅಂತ ಕೇಳಿದ್ದೀರಿ. ಖಂಡಿತ ಸರಿ ಅನ್ನುತ್ತೇನೆ. ಇಡೀ ಆಫ್ರಿಕಾದ ಬಗ್ಗೆ ಒಂದೇ ಉಸಿರಿನಲ್ಲಿ ಹೇಳಲಾಗದು. ನಾನು ಜಾಸ್ತಿ ಓದಿರುವುದು ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಹಬ್ಬಗಳ ಬಗ್ಗೆ, ಅವನ್ನೇ ತೆಗೆದುಕೊಳ್ಳುತ್ತೇನೆ.

ನೈಜೀರಿಯಾದ ಎಡೆ ಎಂಬ ಊರಲ್ಲಿ ಒಬಾತಲಾ ದೇವರ ಹಬ್ಬವಿದೆ. ಮಣ್ಣಿನಿಂದ ಮನುಷ್ಯರ ಮೈ ತಿದ್ದಿದ ದೇವರು ಇವನು, ಬಿಳಿ ಬಣ್ಣ ಇವನದು. ಜರ್ಮನ್ ಮೂಲದ ವಿದ್ವಾಂಸ ಉಲ್ಲಿ ಬೈಯರ್ 1950ರ ದಶಕದಲ್ಲಿ ಈ ಹಬ್ಬ ನೋಡಿ ದಾಖಲಿಸಿದ್ದಾರೆ. ದೇವರ ಮುಖ್ಯ ಪೂಜಾರಿಗೆ ಅಜಗೆಮೊ ಅಂತ ಹೆಸರು. ಓಲುನ್ವಿ ಎಂಬ ಇನ್ನೊಬ್ಬ ಪೂಜಾರಿ ಅವನ ಮೇಲೆ ಬೀಳುತ್ತಾನೆ. ಎಲ್ಲವೂ ಕುಣಿತದಲ್ಲಿ, ಅಭಿನಯದಲ್ಲಿ. ಅಜಗೆಮೊ ಸೆರೆಯಾಗುತ್ತಾನೆ, ಅವನನ್ನು ಅರಮನೆಯಿಂದ ಹೊತ್ತೊಯ್ಯುತ್ತಾರೆ. ಆಗ ಊರಿನ ರಾಜ ಮುಂದೆ ಬಂದು ಒತ್ತೆಹಣ ಕೊಟ್ಟು ಬಿಡಿಸುತ್ತಾನೆ. ಅಜಗೆಮೊ ಅರಮನೆಗೆ ಮರಳುವ ಹೊತ್ತಿಗೆ ಡೋಲು, ಹಾಡು ಏರುತ್ತಾ ಅದು ವಿಜಯದ ಮೆರವಣಿಗೆಯೇ ಆಗಿಬಿಡುತ್ತದೆ.

ಎದುರಾಳಿ ಇದ್ದಾನೆ, ಸೋಲಿದೆ, ಬಿಡುಗಡೆ ಇದೆ. ಇನ್ನೇನು ಬೇಕು? ನನ್ನನ್ನು ತುಂಬಾ ಹಿಡಿದಿಟ್ಟಿದ್ದು ರಾಜನ ಪಾತ್ರ. ಅವನು ಬೇರೆ ಯಾರದೋ ವೇಷ ಹಾಕಿಲ್ಲ, ರಾಜನಾಗಿಯೇ ಕಥೆಯೊಳಗೆ ಕಾಲಿಡುತ್ತಾನೆ. ನೋಡುವವರು, ಆಡುವವರು ಅನ್ನುವ ಗೆರೆ ಅಲ್ಲಿ ನಮ್ಮ ಸಭಾಂಗಣಗಳಷ್ಟು ಗಟ್ಟಿಯಾಗಿಲ್ಲ.

ಇದನ್ನು ಒಪ್ಪದವರೂ ಇದ್ದಾರೆ. ನೈಜೀರಿಯಾದ ವಿಮರ್ಶಕ ಮೈಕಲ್ ಎಚೆರುವೋ 1970ರ ದಶಕದಲ್ಲಿ ಅಲ್ಲಿನದೇ ಇನ್ನೊಂದು ಜನಾಂಗವಾದ ಇಗ್ಬೊಗಳ ಹಬ್ಬಗಳ ಬಗ್ಗೆ ಬರೆಯುತ್ತಾ, ಆಚರಣೆಯೊಳಗಿನ ಪುರಾಣ ಕಥೆಯಾಗಿ ಬಿಚ್ಚಿಕೊಂಡರೆ ಮಾತ್ರ ಪೂರ್ಣ ನಾಟಕ ಎಂದು ವಾದಿಸಿದರು. ಗಟ್ಟಿ ವಾದವೇ. ಆದರೆ ಎಡೆಯಲ್ಲಿ ಕಥೆ ಬಿಚ್ಚಿಕೊಂಡೇ ಇದೆ ಅಲ್ವಾ?

ಇನ್ನು ಭಕ್ತಿಯ ಸೋಂಕೇ ಇಲ್ಲದ ಆಟ ಬೇಕೆಂದರೆ ಅದೂ ಇದೆ. 1826ರಲ್ಲಿ ಬ್ರಿಟಿಷ್ ಪ್ರವಾಸಿ ಹ್ಯೂ ಕ್ಲಾಪರ್ಟನ್ ಯೊರುಬಾ ರಾಜಧಾನಿಯಾಗಿದ್ದ ಹಳೆಯ ಓಯೋ ನಗರದಲ್ಲಿ ವೇಷಗಾರರ ಆಟ ನೋಡಿದ. ಮೊದಲು ಚೀಲ ಹೊಕ್ಕವರ ಕುಣಿತ, ಆಮೇಲೆ ಹೆಬ್ಬಾವು ಹಿಡಿಯುವ ಪ್ರಸಂಗ. ಕೊನೆಗೆ ಚೀಲದಿಂದ ಬಿಳಿಯ ಮನುಷ್ಯನ ವೇಷ ಎದ್ದು ಬಂತು: ಬಡಕಲು ಮೈ, ಚಳಿಗೆ ಕೈ ಉಜ್ಜಿಕೊಳ್ಳುವುದು, ನಶ್ಯ ಏರಿಸುವುದು, ಬರಿಗಾಲಲ್ಲಿ ನಡೆದು ಅಭ್ಯಾಸವಿಲ್ಲದವನ ಹೆಜ್ಜೆ. ಜನ ನಗುತ್ತಾ, ಚೆನ್ನಾಗಿ ನೋಡು ಅಂತ ಕ್ಲಾಪರ್ಟನ್‌ನನ್ನೇ ಒತ್ತಾಯಿಸಿದರು! ಎಗುಂಗುನ್ ಅನ್ನುವ, ಪಿತೃಗಳನ್ನು ಕರೆಯುವ ಹಬ್ಬದ ಮುಖವಾಡಗಳಿಂದ ಬೆಳೆದ ಈ ಊರೂರು ತಿರುಗುವ ಮೇಳಗಳಿಗೆ ಅಲಾರಿಂಜೊ ಅನ್ನುತ್ತಾರೆ. 1940ರ ದಶಕದಲ್ಲಿ ವೃತ್ತಿ ನಾಟಕ ಕಂಪನಿ ಕಟ್ಟಿದ ಹ್ಯೂಬರ್ಟ್ ಓಗುಂಡೆ ಕೂಡ ಚಿಕ್ಕಂದಿನಲ್ಲಿ ಎಗುಂಗುನ್ ಆಟಗಾರರ ಜೊತೆ ಕುಣಿದವರೇ.

ವಿಡಿಯೊ ನೋಡುವ ಆಸೆ ಇದ್ದರೆ ಗೆಲೆಡೆ ಅಂತ ಹುಡುಕಿ. ಯುನೆಸ್ಕೊ ಪಟ್ಟಿಯಲ್ಲಿರುವ ಈ ಆಚರಣೆ ಬೆನಿನ್, ನೈಜೀರಿಯಾ, ಟೋಗೊಗಳಲ್ಲಿದೆ. ತಾಯಂದಿರ ಶಕ್ತಿಗೆ ನಮಿಸುವ ಹಬ್ಬ ಅದು, ಆದರೆ ಹೆಣ್ಣಿನ ಮುಖವಾಡ ಹೊತ್ತು ಕುಣಿಯುವವರು ಗಂಡಸರು. ರಾತ್ರಿಯ ಹಾಡುಗಳಲ್ಲಿ ಊರಿನವರ ತಪ್ಪುಗಳನ್ನು ಎಲ್ಲರೆದುರೇ ಆಡಿ ತೋರಿಸುತ್ತಾರೆ.